ಬಿಳಿ ರಸ್ತೆಯ ಮೇಲೊಂದು ಸ್ಟೀಲ್ ಡಬ್ಬಿ

ನೈರೋಬಿಯಲ್ಲಿ ನಾವು ಕೊಂಡ ಕಾರಿನಲ್ಲಿ ಹಿಮಕ್ಕೆಂದೇ ಒಂದು ಬಟನ್ ಇತ್ತು. ಗೇರಿನ ಪಕ್ಕದಲ್ಲಿ, ಹೆಬ್ಬೆರಳ ಉಗುರಿನಷ್ಟು ಅಗಲ. ಮೇಲೆ ‘ಸ್ನೋ’ ಎಂದು ಬರೆದಿತ್ತು. ಆ ಊರಿನ ಹೆಚ್ಚಿನ ಕಾರುಗಳಂತೆ ಅದನ್ನೂ ಜಪಾನಿನಲ್ಲಿ ಯಾರೋ ಕೆಲವು ವರ್ಷ ಓಡಿಸಿ ಮಾರಿದ್ದರು. ಆಮೇಲೆ ಅದು ಹಡಗು ಹತ್ತಿ ಮೊಂಬಾಸಾಕ್ಕೆ ಬಂದಿತ್ತು. ಕೀ ತಿರುಗಿಸಿದರೆ ಒಬ್ಬ ಹೆಂಗಸಿನ ದನಿ ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿತ್ತು. ಎಂಜಿನ್ ಆರಿಸಿದಾಗ ಬೇರೇನೋ ಹೇಳುತ್ತಿತ್ತು. ಅರ್ಥ ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ಹಿಂದಿನ ಸೀಟಿನಿಂದ ಮಗಳು ಮಾತ್ರ ಪ್ರತಿ ಸಲವೂ ಆ ದನಿಗೆ “ಅಸಾಂಟೆ” ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದಳು.

ಆ ಬಟನ್ ಒತ್ತಿದ್ದು ಒಂದೇ ಒಂದು ಸಲ. ಅದಕ್ಕೆ ಸ್ವಲ್ಪ ಮುಂಚೆ, ಆರು ವರ್ಷದ ಆ ಮಗಳು ಬೆಳ್ಳಗಾದ ಹೆದ್ದಾರಿಯ ಮೇಲೆ ಒಂದು ಸ್ಟೀಲ್ ಡಬ್ಬಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಳು. ಅವಳು ಕೂತಿದ್ದ ಕಡೆಗೆ ಒಂದು ಲಾರಿ ಜಾರಿಕೊಂಡು ಬರುತ್ತಿತ್ತು. ನಾನು ನೋಡುತ್ತಿದ್ದೆ. ಆ ಮಧ್ಯಾಹ್ನವನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಪ್ರತಿ ಸಲ ಹೇಳುವಾಗಲೂ ಕೇಳುವವರ ಮುಖ ನೋಡಿ ಏನೋ ಸೇರಿಸಿದ್ದೇನೆ, ಏನೋ ಬಿಟ್ಟಿದ್ದೇನೆ. ಇಲ್ಲಿ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯಲು ನೋಡುತ್ತೇನೆ.

ನಾನು ಬ್ಯಾಂಕಿನ ಕೆಲಸದ ಮೇಲೆ ಬೆಂಗಳೂರಿನಿಂದ ಬಂದವನು. ಆಫೀಸು ಊರ ನಡುವೆ, ಮನೆ ಕಿಲಿಮಾನಿಯ ಒಂದು ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ. ಮಗಳ ಶಾಲೆ ಇದ್ದದ್ದು ದೂರದ ಕರೆನ್‌ನಲ್ಲಿ. ಹಾಗಾಗಿ ಕಾರು ಓಡಿಸುವವಳು ನನ್ನ ಹೆಂಡತಿ. ಬೆಂಗಳೂರಿನ ಸಂಜೆಯ ಟ್ರಾಫಿಕ್ಕಿನಲ್ಲಿ ಸ್ಕೂಟರ್ ನುಗ್ಗಿಸಿ ಪಳಗಿದವಳು. ನನ್ನ ಬಳಿಯೂ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುವವನು. “ರೀ, ಕಾರಿನ ಅಡಿ ತೂತು ಬೀಳುತ್ತೆ, ಕಾಲು ತೆಗೀರಿ” ಎಂದು ಅವಳು ನಗುತ್ತಿದ್ದಳು.

ಜೂನ್ ಕಳೆದ ಮೇಲೆ ಆ ಊರಿಗೆ ಬರುವ ಚಳಿಯನ್ನು ಫೋನಿನಲ್ಲಿ ಹೇಳಿದರೆ ನಮ್ಮವರು ಯಾರೂ ನಂಬುತ್ತಿರಲಿಲ್ಲ. ಅದು ನಡುಗಿಸುವ ಚಳಿಯಲ್ಲ, ಬಿಡದೆ ಕೂತಿರುವ ಚಳಿ. ವಾರಗಟ್ಟಲೆ ಬಿಸಿಲಿಲ್ಲ. ಬೆಳಗು, ಮಧ್ಯಾಹ್ನ, ಸಂಜೆ ಎಲ್ಲಕ್ಕೂ ಒಂದೇ ಬೂದು ಬಣ್ಣ. ಹಾಸುಗಲ್ಲಿನ ನೆಲ ಸಾಕ್ಸಿನೊಳಗೂ ತಣ್ಣಗೆ ತಾಕುತ್ತಿತ್ತು. ದೋಸೆ ಹಿಟ್ಟು ಹುಳಿ ಬರಲೊಲ್ಲದು. ಹೆಂಡತಿ ಪಾತ್ರೆಗೆ ನನ್ನ ಹಳೆಯ ಸ್ವೆಟರ್ ತೊಡಿಸಿ, ತೋಳುಗಳನ್ನು ಕಟ್ಟಿ, ವೈಫೈ ಪೆಟ್ಟಿಗೆಯ ಪಕ್ಕ ಇಡುತ್ತಿದ್ದಳು. ಅರ್ಧ ನಿದ್ದೆಯಲ್ಲಿ ಎದ್ದು ಹೋದವನಿಗೆ ಮೂಲೆಯಲ್ಲಿ ಒಬ್ಬ ಕುಳ್ಳ ಮನುಷ್ಯ ಕೂತಂತೆ ಕಾಣುತ್ತಿತ್ತು. ಆ ತಿಂಗಳುಗಳಲ್ಲಿ ನಾನು ಎಲ್ಲವನ್ನೂ ಸ್ವಲ್ಪ ದೂರದಿಂದ ನೋಡುತ್ತಿದ್ದೆ ಎನಿಸುತ್ತದೆ. ಕಿಟಕಿಯ ಗಾಜಿನ ಮೇಲೆ ಉಸಿರು, ಅದರಾಚೆ ಜಕರಂಡಾ ಮರ, ಮರದಡಿ ಉಣ್ಣೆ ಟೋಪಿಯ ವಾಚ್‌ಮನ್, ಅವನ ಕೈಯಲ್ಲಿ ಚಹಾದ ಲೋಟ, ಲೋಟದ ಮೇಲೆ ಹಬೆ.

ನಮ್ಮ ಕೆಳಗಿನ ಮನೆಯಲ್ಲಿ ಮಂಗಳೂರಿನ ಕಡೆಯ ಕ್ರಿಶ್ಚಿಯನ್ ದಂಪತಿ ಇದ್ದರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ಇಬ್ಬರಿಗೂ ಅರವತ್ತರ ಆಸುಪಾಸು, ಆ ಊರಿಗೆ ಬಂದು ಬಹಳ ಕಾಲವಾಗಿತ್ತು. ನಮಗೆ ಅವರು ಅಂಕಲ್ ಮತ್ತು ಆಂಟಿ. ಅಂಕಲ್‌ಗೆ ಒಂದು ವಿಮಾ ಕಂಪನಿಯಲ್ಲಿ ಕೆಲಸ: ಗುದ್ದಿಕೊಂಡ ಕಾರುಗಳನ್ನು ಹೋಗಿ ನೋಡಿ, ಹೇಗೆ ಗುದ್ದಿತು ಎಂದು ಬರೆಯುವುದು. ಅದರಿಂದ ಅವರಿಗೆ ಒಂದು ಚಾಳಿ ಬಂದಿತ್ತು. ಯಾರು ಎಲ್ಲಿಗೆ ಹೊರಟರೂ ಡ್ರೈವಿಂಗ್ ಪಾಠ ಮಾಡದೆ ಬಿಡುತ್ತಿರಲಿಲ್ಲ.

ಆಗಸ್ಟ್ ರಜೆಯಲ್ಲಿ ಒಂದು ದಿನ ಎರಡೂ ಮನೆಯವರು ನೈವಾಶಾ ಸರೋವರ ನೋಡಲು ಹೊರಟೆವು. ಅವರದೊಂದು ಕಾರು, ನಮ್ಮದೊಂದು. ಬೆಳಿಗ್ಗೆ ಪಾರ್ಕಿಂಗಿನಲ್ಲಿ ಅಂಕಲ್ ಗಾಳಿ ನೋಡುವ ಮೀಟರ್ ಹಿಡಿದು ನಮ್ಮ ನಾಲ್ಕೂ ಚಕ್ರದ ಮುಂದೆ ಕೂತು ಎದ್ದರು. ಡಿಕ್ಕಿ ತೆಗೆಸಿ, ರಸ್ತೆಯಲ್ಲಿ ನಿಂತಾಗ ಇಡಬೇಕಾದ ಕೆಂಪು ತ್ರಿಕೋನಗಳು ಇವೆಯೇ ಎಂದು ನೋಡಿದರು. ಇದ್ದವು. ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ.

“ಮೇಲೆ ಕಿನಾಲೆ ಹತ್ರ ಮಂಜು ಇರ್ತದೆ. ಹೈಬೀಮ್ ಹಾಕ್ಲಿಕ್ಕಿಲ್ಲ, ಎದುರು ಗೋಡೆ ಕಟ್ಟಿದ ಹಾಗೆ ಆಗ್ತದೆ. ಮತ್ತೆ ಈ ಬ್ರೇಕ್ ಉಂಟಲ್ಲ, ಅದು ಕೊನೆಯ ಮಾತು ಮಾರಾಯ್ರೆ. ಕೊನೆಯ ಮಾತನ್ನು ಮೊದಲೇ ಆಡ್ಲಿಕ್ಕೆ ಹೋಗ್ಬಾರ್ದು. ಮುಂದಿನ ಗಾಡಿಗೆ ಗ್ಯಾಪ್ ಇಡಿ, ಗ್ಯಾಪ್ ಇಟ್ರೆ ಬ್ರೇಕೇ ಬೇಡ.”

“ಅಂಕಲ್, ನೀವು ಅಲ್ಲೂ ಹೋಗಿ ಹೀಗೇ ಪಾಠ ಮಾಡಿದ್ರೆ ಹಿಪ್ಪೋಗಳೆಲ್ಲ ನಿದ್ದೆ ಹೋಗ್ಬಿಡ್ತವೆ” ಎಂದಳು ನನ್ನ ಹೆಂಡತಿ.

ಆಂಟಿ ಕಾರಿನೊಳಗಿಂದಲೇ ಹೇಳಿದರು: “ನಿಮಗೆ ಇವತ್ತೊಂದು ದಿನ. ನನಗೆ ದಿನಾ ಇದೇ. ಅನ್ನ ಬಡಿಸುವಾಗಲೂ ‘ಗ್ಯಾಪ್ ಇಡು, ಗ್ಯಾಪ್ ಇಡು, ಸಾರಿಗೆ ಜಾಗ ಬೇಡ್ವಾ’ ಅಂತಾರೆ.”

ಸರೋವರದ ದಂಡೆಯಲ್ಲಿ ಕಳೆದ ಹೊತ್ತು ನನಗೆ ಹೆಚ್ಚು ನೆನಪಿಲ್ಲ. ಹಳದಿ ತೊಗಟೆಯ ಮರಗಳು, ಅವುಗಳ ಕೆಳಗೆ ಚಾಪೆ, ಆಂಟಿಯ ಇಡ್ಲಿಯಂಥ ಸನ್ನ ಮತ್ತು ಕೋಳಿ ಸುಕ್ಕ, ನಮ್ಮ ಚಿತ್ರಾನ್ನ. ಚಿತ್ರಾನ್ನ ಮುಗಿದ ಮೇಲೆ ಹೆಂಡತಿ ಆ ಸ್ಟೀಲ್ ಡಬ್ಬಿಯನ್ನು ತೊಳೆದು, ಒರೆಸಿ, ಮುಚ್ಚಳ ಹಾಕಿ ಚೀಲದಲ್ಲಿ ಇಟ್ಟಳು. ಅದು ಮಾತ್ರ ಚೆನ್ನಾಗಿ ನೆನಪಿದೆ. ಮುಚ್ಚಳದ ಮೇಲೆ ನನ್ನ ಅತ್ತೆಯವರ ಹೆಸರು ಕೊರೆಸಿತ್ತು.

ವಾಪಸು ಹೊರಟಾಗ ಮಧ್ಯಾಹ್ನ. ಕಣಿವೆಯಿಂದ ಮೇಲೆ ಏರಿದಂತೆ ಆಕಾಶ ಶಾಯಿ ಚೆಲ್ಲಿದ ಹಾಗೆ ಕಪ್ಪಾಯಿತು. ಕಿನಾಲೆಯ ಎತ್ತರದಲ್ಲಿ ರಸ್ತೆಯ ಎರಡೂ ಕಡೆ ಸೈಪ್ರಸ್ ಮರಗಳು. ಮೊದಲು ಒಂದು ಸಣ್ಣ ಟಪ್ ಸದ್ದು. ಬೋನೆಟ್ಟಿನ ಮೇಲೆ ಯಾರೋ ಕಲ್ಲು ಎಸೆದರೇನೋ ಎಂದುಕೊಂಡೆ. ಇನ್ನೊಂದು ಟಪ್. ಆಮೇಲೆ ಇಡೀ ಕಾರು ಕಡಲೆ ಹುರಿಯುವ ಬಾಣಲೆಯಾಯಿತು. ಮಾತು ಕೇಳಿಸಲಿಲ್ಲ. ಹೆಂಡತಿಯ ಬಾಯಿ ಆಡಿದ್ದು ಕಂಡಿತು. “ಆಲಿಕಲ್ಲು” ಎನ್ನುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಸಂತೋಷವಿತ್ತು.

ಮುಂದೆ ಅಂಕಲ್‌ರ ಕಾರಿನ ಕೆಂಪು ದೀಪಗಳು. ಅವುಗಳ ಹಿಂದೆ, ಅವರು ಹೇಳಿದ ಗ್ಯಾಪ್ ಬಿಟ್ಟು, ನಡೆಯುವ ವೇಗದಲ್ಲಿ ನಾವು. ಅಷ್ಟೂ ಹೊತ್ತು ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಮಳೆ ಬಂದಂತೆಯೇ ನಿಂತಿತು. ರಸ್ತೆ ಇಳಿಜಾರಾಗಿ ಬಲಕ್ಕೆ ಬಳಸುವ ಒಂದು ತಿರುವು. ಅದನ್ನು ದಾಟುತ್ತಿದ್ದಂತೆ ಸದ್ದೆಲ್ಲ ಹಿಂದೆ ಉಳಿಯಿತು. ಎದುರಿಗೆ ಲೋಕ ಬೆಳ್ಳಗಿತ್ತು. ರಸ್ತೆ ಬಿಳಿ, ಚರಂಡಿ ಬಿಳಿ, ಬಲಗಡೆ ಇಳಿಯುವ ಆಲೂಗಡ್ಡೆ ಹೊಲ ಬಿಳಿ. ಮರಗಳ ಕೊಂಬೆಗಳು ಮಾತ್ರ ಕಪ್ಪು. ಆ ಬಿಳುಪಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ತಣ್ಣನೆಯ ಕಲ್ಲುಗಳ ಮೇಲೆ ಗಾಳಿಯ ತೇವ ಮಂಜಾಗಿ ನಿಂತು, ನೆಲಕ್ಕೆ ಅಂಟಿಕೊಂಡೇ ಹರಿಯುತ್ತಿತ್ತು. ನೋಡುತ್ತಿದ್ದರೆ ರಸ್ತೆಯೇ ನಿಧಾನವಾಗಿ ಮೇಲೆ ತೇಲುವಂತೆ ಕಾಣುತ್ತಿತ್ತು.

ಅಂಕಲ್‌ರ ಕಾರು ಎಡಗಡೆಯ ದೀಪ ಮಿನುಗಿಸಿ ನಿಂತಿತು. ನಮ್ಮದೂ ಅದರ ಹಿಂದೆ ನಿಂತಿತು. ಅಂಚಿನಲ್ಲಿ ಅಷ್ಟು ಜಾಗವಿರಲಿಲ್ಲ. ಎರಡೂ ಕಾರುಗಳ ಬಲ ಚಕ್ರಗಳು ರಸ್ತೆಯ ಮೇಲೇ ಇದ್ದವು. ಹಿಂದೆ ತಿರುವು, ಮೇಲಿನಿಂದ ಬರುವವರಿಗೆ ನಾವು ಕಾಣುವುದಿಲ್ಲ. ಇದನ್ನೆಲ್ಲ ಈಗ ಬರೆಯುತ್ತಿದ್ದೇನೆ. ಆಗ ಅದು ಯಾರ ತಲೆಗೂ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಬಹಳ ಯೋಚಿಸಿದ್ದೇನೆ. ಅದು ಹಿಮವಾಗಿದ್ದರೆ ನಾವು ಕಾರಿನಿಂದ ಇಳಿಯುತ್ತಿರಲಿಲ್ಲ. ಹಿಮ ಎಂದರೆ ನಮಗೆ ಗೊತ್ತಿಲ್ಲದ್ದು, ಟೀವಿಯಲ್ಲಿ ಕಂಡದ್ದು, ಹೆದರಬೇಕಾದದ್ದು. ಇದು ಆಲಿಕಲ್ಲು. ಆಲಿಕಲ್ಲು ಬಿದ್ದರೆ ಪಾತ್ರೆ ಹಿಡಿದು ಹೊರಗೆ ಓಡಬೇಕು ಎಂದು ನಮ್ಮ ಕಾಲುಗಳಿಗೇ ಗೊತ್ತು. ಬೇಸಿಗೆಯಲ್ಲಿ ಮೊದಲ ಮಳೆಗೆ ಹಾಗೇ ಓಡಿದವರು ನಾವು. ತಲೆಗೆ ಬಿದ್ದರೆ ಬೀಳಲಿ ಎಂದು ಆರಿಸಿ ಆರಿಸಿ ಬಾಯಿಗೆ ಹಾಕಿಕೊಂಡವರು. ಹೆಂಡತಿಯ ಅಜ್ಜಿ ಅದರ ನೀರನ್ನು ಬಾಟಲಿಯಲ್ಲಿ ತುಂಬಿಟ್ಟು ಬೆವರುಸಾಲೆಗೆ ಹಚ್ಚುತ್ತಿದ್ದರಂತೆ. ಎಲ್ಲ ಸುರಕ್ಷತೆಯ ಪಾಠ ಬಲ್ಲ ಅಂಕಲ್ ಕೂಡ ಬಾಗಿಲು ತೆಗೆದು ಮೊದಲು ಇಳಿದರು. ಇಳಿದವರು ಆರು ವರ್ಷದವರಾಗಿದ್ದರು.

“ಬನ್ನಿ, ಬನ್ನಿ ಮಾರಾಯ್ರೆ! ಇಷ್ಟು ಆಲಿಕಲ್ಲು ನಾನು ಹುಟ್ಟಿದ ಮೇಲೆ ನೋಡಿಲ್ಲ!”

ಆಂಟಿ ಕಾರಿನ ಗಾಜನ್ನು ಚೂರು ಇಳಿಸಿ ಮೊದಲು ಕೊಂಕಣಿಯಲ್ಲಿ ಬೈದರು, ಆಮೇಲೆ ನಮಗೂ ಕೇಳಲಿ ಎಂದು ಕನ್ನಡದಲ್ಲಿ: “ಥಂಡಿ ಹಿಡಿದ್ರೆ ಕಷಾಯ ಮಾಡುವವಳು ನಾನಲ್ಲ. ಈಗಲೇ ಹೇಳಿದ್ದೇನೆ.”

ಮಗಳು ಸೀಟ್ ಬೆಲ್ಟ್ ಬಿಚ್ಚಿಸಿಕೊಂಡು ಹಾರಿದಳು. “ಇಟ್ಸ್ ಸ್ನೋ! ಅಪ್ಪಾ, ಇಟ್ಸ್ ಸ್ನೋ!”

“ಸ್ನೋ ಅಲ್ಲ ಪುಟ್ಟಿ, ಆಲಿಕಲ್ಲು. ತಾಳು, ಡಬ್ಬಿ ಕೊಡ್ತೀನಿ” ಎಂದು ಹೆಂಡತಿ ಚೀಲದಿಂದ ಆ ಡಬ್ಬಿ ತೆಗೆದಳು. ಮುಚ್ಚಳ ನನ್ನ ಕೈಗೆ ಬಂತು.

ಒಂದೆರಡು ಕಾರುಗಳು ನಮ್ಮನ್ನು ಬಳಸಿಕೊಂಡು ಮೆಲ್ಲಗೆ ಇಳಿದು ಹೋದವು. ಒಂದು ಮಟಾಟು ಬಂತು, ಆ ಸಣ್ಣ ಬಾಡಿಗೆ ವ್ಯಾನಿನ ಕಿಟಕಿಗಳಿಂದ ಕೈಗಳು ಹೊರಬಂದು ಆಡಿದವು, “ಬರಾಫು! ಬರಾಫು!” ಎಂದು ಎಲ್ಲರೂ ಮಂಜುಗಡ್ಡೆಯ ಹೆಸರು ಕೂಗುತ್ತ ಹೋದರು. ಅದರ ಹಿಂದೆ ರಸ್ತೆ ಖಾಲಿಯಾಯಿತು. ಅಂಥ ಮೌನವನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಮರದಿಂದ ಒಂದೊಂದೇ ಕಲ್ಲು ಜಾರಿ ಬೀಳುವುದು ಕೂಡ ಕೇಳುತ್ತಿತ್ತು.

ಯಾರು ಎಲ್ಲಿದ್ದರು ಎಂದು ಹೇಳುತ್ತೇನೆ. ಅಂಕಲ್ ಮುಂದೆ, ತಮ್ಮ ಕಾರಿನ ಬೋನೆಟ್ಟಿನ ಹತ್ತಿರ, ಎರಡೂ ಕೈ ತುಂಬ ಆಲಿಕಲ್ಲು ಹಿಡಿದು. ಆಂಟಿ ಆ ಕಾರಿನೊಳಗೆ. ನಾನು ನಮ್ಮ ಕಾರಿನ ಹಿಂದೆ, ಎಡಗಡೆ, ಚರಂಡಿಯ ಅಂಚಿನಲ್ಲಿ, ಕೈಯಲ್ಲಿ ಮುಚ್ಚಳ. ಮಗಳು ಕಾರಿನ ಹಿಂದೆಯೇ, ಆದರೆ ಬಲಗಡೆ, ರಸ್ತೆಯ ಮೇಲೆ. ಅಲ್ಲಿ ಕಲ್ಲುಗಳು ಮಣ್ಣಿಲ್ಲದೆ ಸ್ವಚ್ಛವಾಗಿದ್ದವು. ಮಂಜು ಅವಳ ಎದೆಯವರೆಗೆ ಬಂದಿತ್ತು. ಕೂತರೆ ಕೆಂಪು ಟೋಪಿ ಮಾತ್ರ ಕಾಣುತ್ತಿತ್ತು, ಎದ್ದರೆ ಅರ್ಧ ಹುಡುಗಿ. ಹೆಂಡತಿ ಅವಳಿಗಿಂತ ಮೇಲೆ, ತಿರುವಿನ ಕಡೆಗೆ ಬೆನ್ನು ಮಾಡಿ ನಿಂತು ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದಳು.

“ಪುಟ್ಟಿ, ಡಬ್ಬಿ ಮೇಲೆತ್ತು. ಅಜ್ಜಿಗೆ ಕಳಿಸೋಣ. ಹಾಂ, ನಗು.”

ಮಗಳು ಡಬ್ಬಿ ಎತ್ತಲಿಲ್ಲ. ನೆಲದ ಮೇಲೆ ಇಟ್ಟಳು. ಅಮ್ಮನ ಭುಜದಾಚೆ ನೋಡುತ್ತ ಬಹಳ ಸಾವಧಾನವಾಗಿ, ಯಾವುದೋ ಚಂದದ್ದನ್ನು ತೋರಿಸುವವಳಂತೆ ಹೇಳಿದಳು: “ಅಮ್ಮಾ, ದ ಲಾರಿ ಈಸ್ ಡ್ಯಾನ್ಸಿಂಗ್.”

ನಾನು ತಿರುಗಿದೆ. ತಿರುವಿನಲ್ಲಿ ನೀಲಿ ಮೂತಿಯ ಒಂದು ದೊಡ್ಡ ಲಾರಿ ಇತ್ತು. ಅದರ ಮೇಲೆ ಎಲೆಕೋಸು ಗುಡ್ಡದಂತೆ ಪೇರಿಸಿತ್ತು. ಲಾರಿಯ ಮೂತಿ ನಮ್ಮ ಕಡೆ ಇರಬೇಕಾದದ್ದು ಹೊಲದ ಕಡೆ ತಿರುಗಿತ್ತು. ಹಿಂಭಾಗ ಮೆಲ್ಲಗೆ ಮುಂದಕ್ಕೆ ಬರುತ್ತಿತ್ತು. ಚಕ್ರಗಳು ಉರುಳುತ್ತಿರಲಿಲ್ಲ. ಉರುಳದ ಚಕ್ರಗಳ ಮೇಲೆ ಅಷ್ಟು ದೊಡ್ಡ ವಸ್ತು ಸದ್ದೇ ಇಲ್ಲದೆ, ಮಂಜಿನ ಮೇಲೆ ದೋಣಿ ಬಂದಂತೆ ಬರುತ್ತಿತ್ತು. ಆಮೇಲೆ ಹಾರ್ನ್ ಶುರುವಾಯಿತು, ನಿಲ್ಲಲೇ ಇಲ್ಲ.

ನಾನು ಕೂಗಿದೆ ಎಂದುಕೊಂಡಿದ್ದೇನೆ. ಹೆಂಡತಿ ಹೇಳುವ ಪ್ರಕಾರ ನಾನು ಕೂಗಲಿಲ್ಲ, ಬಾಯಿ ತೆರೆದು ನಿಂತಿದ್ದೆ. ಅವಳೂ ಹಿಂದೆ ತಿರುಗಿ ನೋಡಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೆ. ಅದರಲ್ಲಿ ಏನಿತ್ತೋ. ಫೋನು ಅವಳ ಕೈಯಿಂದ ಬಿದ್ದು ಮಂಜಿನೊಳಗೆ ಮಾಯವಾಯಿತು. ಇಳಿಜಾರಿನಲ್ಲಿ ಅವಳು ಓಡಲಿಲ್ಲ, ಓಡಲು ಆಗುತ್ತಿರಲಿಲ್ಲ. ಕಾಲುಗಳನ್ನು ಎತ್ತದೆ, ನೆಲಕ್ಕೆ ಒತ್ತಿ ಉಜ್ಜುತ್ತ, ಜಾರುತ್ತ ಬಂದಳು. ಬಂದವಳು ಮಗಳನ್ನು ಸೊಂಟಕ್ಕೆ ಕೈಹಾಕಿ ಎತ್ತಿಕೊಂಡು ಹಾಗೆಯೇ ಬಲಕ್ಕೆ, ರಸ್ತೆಯನ್ನು ಅಡ್ಡ ದಾಟಿ, ಆಚೆ ಅಂಚಿನಿಂದ ಹೊಲದೊಳಗೆ ಇಳಿದಳು. ಬಿಳುಪಿನೊಳಗೆ ಎರಡು ತಲೆಗಳು ಒಂದಾಗಿ ಕೆಳಗೆ ಹೋದದ್ದನ್ನು ನೋಡಿದೆ. ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ. ಬಂದಿದ್ದರೆ ಎಂಬುದನ್ನು ನಾನು ಬರೆಯುವುದಿಲ್ಲ.

ಆ ಕ್ಷಣದಲ್ಲಿ ಲಾರಿ ಎಡಕ್ಕೆ, ನನ್ನ ಕಡೆಗೆ ಬರುತ್ತಿದೆ ಎಂದು ತಿಳಿಯಿತು. ಆಗ ನನ್ನೊಳಗೆ ಉಂಟಾದದ್ದು ಭಯವಲ್ಲ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಸದ್ಯ, ಇತ್ತ ಬರುತ್ತಿದೆ, ಅತ್ತ ಹೋಗಲಿಲ್ಲ ಎನಿಸಿತು. ಜ್ವರ ಬಿಟ್ಟಾಗ ಮೈ ಹಗುರಾಗುವಂತೆ ಹಗುರಾಯಿತು. ಚಾಲಕ ಹೇಗೋ ಮೂತಿಯನ್ನು ಎಡಗಡೆ ಚರಂಡಿಯಾಚೆಯ ದಿಬ್ಬದ ಕಡೆ ಎಳೆದಿದ್ದ. ಲಾರಿಯ ಎಡ ಚಕ್ರಗಳು ಚರಂಡಿಗೆ ಇಳಿದವು, ಮಣ್ಣಿನ ದಿಬ್ಬ ಅದರ ಪಕ್ಕೆಯನ್ನು ಉಜ್ಜಿತು, ಒಂದು ಸಣ್ಣ ಮರ ಬಾಗಿ ಲಟಕ್ಕೆಂದಿತು. ಲಾರಿ ನಿಂತಿತು. ಅದರ ಮೂತಿಗೂ ನನಗೂ ನಡುವೆ ಒಬ್ಬ ಮನುಷ್ಯ ಕೈ ಚಾಚಿ ನಿಲ್ಲುವಷ್ಟು ಜಾಗ ಉಳಿದಿತ್ತು. ರೇಡಿಯೇಟರಿನ ಬಿಸಿ ನನ್ನ ಮುಖಕ್ಕೆ ತಾಗಿತು. ಎಷ್ಟೋ ವಾರಗಳಿಂದ ಅಷ್ಟು ಬೆಚ್ಚಗೆ ಆಗಿರಲಿಲ್ಲ.

ಆಮೇಲೆ ಎಲೆಕೋಸುಗಳು ಬಂದವು. ಹಗ್ಗ ಸಡಿಲವಾಗಿ, ಒಂದರ ಹಿಂದೆ ಒಂದು, ಬಿಳಿ ರಸ್ತೆಯ ಮೇಲೆ ಉರುಳುತ್ತ, ಮಂಜಿನೊಳಗೆ ಮುಳುಗಿ ಏಳುತ್ತ, ನಮ್ಮ ಕಾರುಗಳನ್ನು ದಾಟಿ ತಮ್ಮ ಪಾಡಿಗೆ ಕೆಳಗಿನ ಲಿಮುರು ಊರಿನ ಕಡೆಗೆ ಇಳಿದು ಹೋದವು.

ಹೊಲದ ಕಡೆಯಿಂದ ಮಗಳ ಅಳು ಕೇಳಿತು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿಲ್ಲ. ಹೋಗಿ ನೋಡಿದರೆ ಇಬ್ಬರೂ ಸಾಲಿನ ನಡುವೆ ಕೂತಿದ್ದರು, ಮೈಯೆಲ್ಲ ಕೆಸರು. ಹೆಂಡತಿ ಮಗಳ ತೋಳು, ಕಾಲು, ತಲೆ, ಬೆರಳು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಮುಟ್ಟಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಮುಟ್ಟುತ್ತಿದ್ದಳು. ಏನೂ ಆಗಿರಲಿಲ್ಲ.

“ಮೈ ಡಬ್ಬಿ! ಅಮ್ಮಾ, ಯು ಲೆಫ್ಟ್ ಮೈ ಡಬ್ಬಿ!” ಎಂದು ಮಗಳು ಅಳುತ್ತಿದ್ದಳು.

ಲಾರಿಯ ಚಾಲಕ ಕೆಳಗಿಳಿದು ಮೆಟ್ಟಿಲ ಮೇಲೆ ಕೂತಿದ್ದ. ಐವತ್ತರ ಮನುಷ್ಯ, ಉಣ್ಣೆಯ ಕೋಟು. ಅಂಕಲ್ ಅವನ ಹತ್ತಿರ ಹೋದರು. ಅವನು ತಲೆ ಎತ್ತಿ ಇಂಗ್ಲಿಷಿನಲ್ಲಿ ಕೇಳಿದ: ಮಗು ಎಲ್ಲಿ? ಹೊಲದ ಕಡೆ ಅಂಕಲ್ ಕೈತೋರಿದರು. ಅವನು ನೋಡಿ, ದೊಡ್ಡದಾಗಿ ಉಸಿರು ಬಿಟ್ಟು, ಆಮೇಲೆ ಸಿಟ್ಟಾದ. “ಇಲ್ಲಿ ನಿಂತು ಏನು ಮಾಡುತ್ತಿದ್ದಿರಿ? ಈ ತಿರುವಿನಲ್ಲಿ?”

ಅಂಕಲ್ ಕೈ ಬಿಚ್ಚಿ ತೋರಿಸಿದರು. ಅಷ್ಟು ಹೊತ್ತೂ ಗಟ್ಟಿಯಾಗಿ ಹಿಡಿದಿದ್ದ ಆಲಿಕಲ್ಲು ಕರಗಿ, ಮೂರೋ ನಾಲ್ಕೋ ಸಣ್ಣ ಕಾಳು ಮಾತ್ರ ಅಂಗೈಯಲ್ಲಿ ಉಳಿದಿತ್ತು. ಚಾಲಕ ಅದನ್ನು ನೋಡಿದ, ಅವರ ಬಿಳಿ ಕೂದಲನ್ನು ನೋಡಿದ. ಅವನಿಗೆ ನಗು ಬಂತೋ ಅಳು ಬಂತೋ, ಮುಖ ಒರೆಸಿಕೊಂಡ.

ಅಷ್ಟರಲ್ಲಿ ಹೆಂಡತಿ ಮಗಳನ್ನು ನನ್ನ ತೋಳಿಗೆ ಹಾಕಿ, “ರೀ, ಹಿಂದೆ ಇನ್ನೂ ಗಾಡಿಗಳು ಬರ್ತವೆ” ಎಂದಳು. ಅದು ಆ ಹೊತ್ತಿನಲ್ಲಿ ಯಾರಾದರೂ ಆಡಿದ ಮೊದಲ ಬುದ್ಧಿಯ ಮಾತು. ಕೆಟ್ಟು ನಿಂತ ವಾಹನದ ಹಿಂದೆ ಆ ದೇಶದಲ್ಲಿ ಜನ ಸೊಪ್ಪಿನ ಕೊಂಬೆಗಳನ್ನು ರಸ್ತೆಯ ಮೇಲೆ ಹಾಕುತ್ತಾರೆ. ಅದನ್ನು ನಾವು ಎಷ್ಟೋ ಸಲ ಕಂಡು ದಾಟಿದ್ದೆವು. ಅವಳೂ ಚಾಲಕನೂ ಬಾಗಿದ ಮರದಿಂದ ಕೊಂಬೆಗಳನ್ನು ಮುರಿದರು. ಅಂಚಿನ ಹುಲ್ಲು ಹಿಡಿದು ನಡೆಯುತ್ತ, ತಿರುವಿನಾಚೆಯವರೆಗೂ ಅವನ್ನು ದೂರದೂರಕ್ಕೆ ಇಡುತ್ತ ಹೋದರು. ಬಿಳಿಯ ಮೇಲೆ ಹಸಿರು, ಮತ್ತೆ ಬಿಳಿ, ಮತ್ತೆ ಹಸಿರು. ಅಂಕಲ್ ನಮ್ಮ ಡಿಕ್ಕಿಯಿಂದಲೂ ತಮ್ಮ ಡಿಕ್ಕಿಯಿಂದಲೂ ಕೆಂಪು ತ್ರಿಕೋನಗಳನ್ನು ತಂದರು. ಪ್ಲಾಸ್ಟಿಕ್ ಹೊದಿಕೆ ಅವರ ಬೆರಳಿಗೆ ಬಿಚ್ಚಲಿಲ್ಲ. ಆಂಟಿ ಇಳಿದು ಬಂದು, ಏನೂ ಬೈಯದೆ, ಹಲ್ಲಿನಿಂದ ಕಚ್ಚಿ ಹರಿದು ಕೊಟ್ಟರು. ಆಮೇಲೆ ಬಂದ ವಾಹನಗಳೆಲ್ಲ ದೂರದಲ್ಲೇ ನಿಧಾನವಾದವು. ಜನ ಇಳಿದರು, ಚಾಲಕನ ಕಡೆಯವರಿಗೆ ಫೋನು ಹೋಯಿತು, ಯಾರೋ ಟ್ರ್ಯಾಕ್ಟರ್ ತರಲು ಹೊರಟರು.

ಡಬ್ಬಿ ಮಗಳು ಇಟ್ಟಲ್ಲೇ ಇತ್ತು. ನಮ್ಮ ಕಾರಿನ ಹಿಂದೆ, ಬಲಗಡೆ, ರಸ್ತೆಯ ಮೇಲೆ ನೆಟ್ಟಗೆ, ಬಾಯಿಯವರೆಗೆ ತುಂಬಿಕೊಂಡು. ಲಾರಿ ಜಾರಿ ನಿಂತ ಗುರುತು ಅದರ ಪಕ್ಕದವರೆಗೂ ಬಂದಿರಲಿಲ್ಲ. ಆದರೆ ಉರುಳಿದ ಅಷ್ಟೊಂದು ಎಲೆಕೋಸಿನಲ್ಲಿ ಒಂದೂ ಅದಕ್ಕೆ ತಾಗದೆ ಹೋದದ್ದು ಹೇಗೆ ಎಂದು ನನಗೆ ಈಗಲೂ ತಿಳಿಯದು. ಎತ್ತಿ ಮುಚ್ಚಳ ಹಾಕಿದೆ. ಮುಚ್ಚಳ ನನ್ನ ಕೈಯಲ್ಲೇ ಇತ್ತು. ಅದರ ಅಂಚು ಅಂಗೈಯಲ್ಲಿ ಅರ್ಧ ಚಂದ್ರನ ಹಾಗೆ ಒತ್ತಿಕೊಂಡಿತ್ತು.

ಇನ್ನು ಮನೆಗೆ ಹೋಗಬೇಕಿತ್ತು. ಮಗಳ ಒದ್ದೆ ಬಟ್ಟೆ ಬಿಚ್ಚಿ, ಆಂಟಿಯ ಶಾಲು ಸುತ್ತಿ, ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆವು. ಅವಳ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಇಲ್ಲೇ ಕಾಯುತ್ತ ಕೂರುವಂತಿರಲಿಲ್ಲ. ಕೆಳಗೆ ಇಳಿಜಾರು, ಇನ್ನೂ ಬಿಳಿ. ಅವಳನ್ನು ಅದರ ಮೇಲೆಯೇ ಇಳಿಸಿಕೊಂಡು ಹೋಗಬೇಕು. ನಾನು ಹಿಂದೆ ಮಗಳ ಪಕ್ಕ ಕೂತೆ.

ಅಂಕಲ್ ನಮ್ಮ ಕಿಟಕಿಗೆ ಬಂದರು. ಬೆಳಗಿನ ದನಿ ಇರಲಿಲ್ಲ. “ನೀವು ಮುಂದೆ ಹೋಗಿ ಮಗಳೇ. ನಾನು ನಿಮ್ಮ ಹಿಂದೆ ಬರ್ತೇನೆ” ಎಂದರು. ಸ್ವಲ್ಪ ನಿಂತು, “ಗ್ಯಾಪ್ ಇಟ್ಟೇ ಬರ್ತೇನೆ” ಎಂದರು.

“ಬನ್ನಿ ಅಂಕಲ್. ಹೈಬೀಮ್ ಹಾಕ್ಬೇಡಿ” ಎಂದಳು ಹೆಂಡತಿ. ನಗಲಿಲ್ಲ.

ಕೀ ತಿರುಗಿಸಿದಳು. ಜಪಾನಿನ ಹೆಂಗಸು ತನ್ನ ಮಾತು ಹೇಳಿದಳು. ಮಗಳು ಈ ಸಲ ಏನೂ ಹೇಳಲಿಲ್ಲ. ಹೆಂಡತಿ ಒಂದು ಗಳಿಗೆ ಗೇರಿನ ಪಕ್ಕ ನೋಡಿದಳು. ಆಮೇಲೆ ಬೆರಳು ಇಟ್ಟು ಆ ಬಟನ್ ಒತ್ತಿದಳು. ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ದೀಪ ಹತ್ತಿತು. ಎಂಜಿನ್ ತುಸು ಮಂಕಾದಂತೆ, ಹೇಳಿದ ಮಾತನ್ನು ಯೋಚಿಸಿ ಕೇಳುವಂತೆ ಆಯಿತು. ಅದು ನಿಜವಾಗಿ ಎಷ್ಟು ನೆರವಾಯಿತೋ ಗೊತ್ತಿಲ್ಲ. ನಾನು ಕಂಡದ್ದು ಅವಳ ಕಾಲುಗಳನ್ನು. ಗೇರನ್ನು ಕೆಳಗಿಟ್ಟು ಎಂಜಿನ್ನಿನ ಹಿಡಿತದಲ್ಲೇ ಕಾರನ್ನು ಇಳಿಯಬಿಟ್ಟಳು. ಬ್ರೇಕಿನ ಮೇಲೆ ಕಾಲಿಡಲಿಲ್ಲ. ಸ್ಟೀರಿಂಗನ್ನು ತಿರುಗಿಸುತ್ತಿರಲಿಲ್ಲ, ಪುಸಲಾಯಿಸಿ ಒಪ್ಪಿಸುತ್ತಿದ್ದಳು. ನಾನು ಆ ದಿನ ಇಲ್ಲದ ಬ್ರೇಕನ್ನು ಒಮ್ಮೆಯೂ ತುಳಿಯಲಿಲ್ಲ. ಎದುರಿನಿಂದ ಬಂದವರೊಬ್ಬರು ಕಣ್ಣು ಕುಕ್ಕುವ ದೀಪ ಹಾಕಿದಾಗ ಅವಳು ರಸ್ತೆಯ ಎಡ ಅಂಚಿನ ಮೇಲೆ ದೃಷ್ಟಿ ಇಟ್ಟು, ಅದೇ ನಡಿಗೆಯಲ್ಲಿ ಮುಂದುವರಿದಳು. ಚಕ್ರಗಳ ಕೆಳಗೆ ಕಲ್ಲುಗಳು ಸಕ್ಕರೆಯಂತೆ ಪುಡಿಯಾಗುತ್ತಿದ್ದವು.

“ಪುಟ್ಟಿ, ಮಾತಾಡ್ತಾ ಇರು. ಏನಾದ್ರೂ ಹೇಳು.”

“ವಾಟ್ ಶಲ್ ಐ ಸೇ?”

“ಡಬ್ಬೀಲಿ ಏನಿದೆ, ಹೇಳು.”

ಮಗಳು ಮುಚ್ಚಳ ತೆಗೆದು ನೋಡಿ, ಒಂದೊಂದೇ ಕಲ್ಲಿನ ವರ್ಣನೆ ಶುರುಮಾಡಿದಳು. ಒಂದು ಬಟಾಣಿಯಂತೆ, ಒಂದು ಆಂಟಿಯ ಕಿವಿಯ ಮುತ್ತಿನಂತೆ, ಒಂದರೊಳಗೆ ಹುಲ್ಲಿನ ಎಳೆ. ಇದು ಅವರ ಅಮ್ಮ, ಇದು ಅವರ ಅಪ್ಪ, ಅಪ್ಪ ಈಗ ತೆಳ್ಳಗಾಗುತ್ತಿದ್ದಾರೆ. ಅವಳ ದನಿ ಕೇಳಿಸುವವರೆಗೆ ಕಾರು ಸರಿಯಾಗಿದೆ ಎಂಬಂತೆ ನಾವಿಬ್ಬರೂ ಕೇಳಿದೆವು. ಎಲ್ಲಿ ಬಿಳುಪು ಮುಗಿಯಿತು ಎಂದು ನಾನು ಗಮನಿಸಲಿಲ್ಲ. ಚಹಾ ತೋಟಗಳು ಕಂಡಾಗ ರಸ್ತೆ ಕಪ್ಪಗೆ, ಒದ್ದೆಯಾಗಿ, ಎಂದಿನಂತಿತ್ತು. ಹಿಂದೆ, ಗ್ಯಾಪ್ ಬಿಟ್ಟು, ಅಂಕಲ್‌ರ ದೀಪಗಳು. ಮಗಳು ನಿದ್ದೆ ಹೋಗಿದ್ದಳು. ತುಟಿಗೆ ಬಣ್ಣ ಬಂದಿತ್ತು. ಡಬ್ಬಿಯಲ್ಲಿ ನೀರು ತುಳುಕುತ್ತಿತ್ತು.

ಕಿಲಿಮಾನಿಯ ಪಾರ್ಕಿಂಗಿನಲ್ಲಿ ಕಾರು ನಿಂತ ಮೇಲೂ ಹೆಂಡತಿ ಎಂಜಿನ್ ಆರಿಸಲಿಲ್ಲ. ಸ್ಟೀರಿಂಗ್ ಹಿಡಿದು ಎದುರಿನ ಗೋಡೆ ನೋಡುತ್ತ ಕೂತಿದ್ದಳು. ಕೊನೆಗೆ ನಾನು ಕೈ ಚಾಚಿ ಕೀ ತಿರುಗಿಸಿದೆ. ಜಪಾನಿನ ಹೆಂಗಸು ತನ್ನ ಕೊನೆಯ ಮಾತು ಹೇಳಿದಳು. ನಿದ್ದೆಯಲ್ಲೇ, ಕಣ್ಣು ತೆರೆಯದೆ, ಮಗಳು “ಅಸಾಂಟೆ” ಎಂದಳು. ಆಗ ಹೆಂಡತಿ ಅಳತೊಡಗಿದಳು. ಬಹಳ ಹೊತ್ತು ಅತ್ತಳು. ನಾನು ಡಬ್ಬಿ ಹಿಡಿದುಕೊಂಡಿದ್ದೆ.

ಮಗಳಿಗೆ ಆ ದಿನ ಹಿಮದ ದಿನ. ಕುಣಿಯುವ ಲಾರಿ, ಓಡುವ ಎಲೆಕೋಸು, ಹೊಲದಲ್ಲಿ ಅಮ್ಮನ ಜೊತೆ ಉರುಳಿದ್ದು. ಶಾಲೆಯಲ್ಲಿ ಅದರ ಚಿತ್ರ ಬರೆದು ತಂದಳು. ಚಿತ್ರದಲ್ಲಿ ಎಲ್ಲರೂ ನಗುತ್ತಿದ್ದರು, ಲಾರಿಗೂ ಬಾಯಿ ಇತ್ತು. ನಾವು ತಿ‌ದ್ದಲಿಲ್ಲ. ಅಂಕಲ್ ಆಮೇಲೂ ಪಾಠ ಮಾಡುತ್ತಿದ್ದರು. ಆದರೆ ಕೊನೆಯಲ್ಲಿ ಒಂದು ಮಾತು ಸೇರಿತ್ತು: “ಚಂದ ಕಂಡರೆ ನಿಲ್ಲಿಸ್ಲಿಕ್ಕಿಲ್ಲ. ಚಂದ ಕಂಡರೆ ಮುಂದೆ ಹೋಗಿ, ಜಾಗ ನೋಡಿ, ಆಮೇಲೆ ನಿಲ್ಲಿಸಿ.” ಆಗ ಆಂಟಿ ಬೇರೆ ಕಡೆ ನೋಡುತ್ತಿದ್ದರು.

ನಾವು ಆ ಊರು ಬಿಡುವ ಮುಂಚಿನ ವರ್ಷ, ಒಂದು ಮಧ್ಯಾಹ್ನ ಕಿಲಿಮಾನಿಯಲ್ಲೇ ಆಲಿಕಲ್ಲು ಬಿತ್ತು. ಕೆಳಗಿನ ತಗಡಿನ ಮಾಡುಗಳೆಲ್ಲ ಒಮ್ಮೆಗೇ ಮಾತಾಡಿದವು. ನಮ್ಮ ನಾಲ್ಕನೆಯ ಮಹಡಿಯ ಬಾಲ್ಕನಿಯ ನೆಲ ನೋಡುತ್ತಿದ್ದಂತೆ ಬೆಳ್ಳಗಾಯಿತು. ಮಗಳು ಅಡುಗೆಮನೆಗೆ ಓಡಿ ಅದೇ ಡಬ್ಬಿ ತಂದಳು. ಅಷ್ಟು ಹೊತ್ತಿಗೆ ಅವಳು ಉದ್ದ ಬೆಳೆದಿದ್ದಳು, ಮೇಲಿನ ಶೆಲ್ಫಿಗೆ ಕೈ ಎಟುಕುತ್ತಿತ್ತು. ಬಾಗಿಲ ಬಳಿ ಹೆಂಡತಿ ಅವಳ ಭುಜ ಹಿಡಿದು ನಿಲ್ಲಿಸಿದಳು.

“ತಾಳು.”

ತಾನು ಮೊದಲು ಹೊರಗೆ ಹೋದಳು. ಬರಿಗಾಲಲ್ಲಿ ಆ ಕಲ್ಲುಗಳ ಮೇಲೆ ನಿಂತು ಬಲಕ್ಕೆ ನೋಡಿದಳು. ಎಡಕ್ಕೆ ನೋಡಿದಳು. ಮತ್ತೊಮ್ಮೆ ಬಲಕ್ಕೆ ನೋಡಿದಳು. ನಾಲ್ಕನೆಯ ಮಹಡಿಯಲ್ಲಿ ಎರಡೂ ಕಡೆ ಗೋಡೆಯಿತ್ತು, ಗೋಡೆಗೆ ಒಣಗಲು ಹಾಕಿದ ಬಟ್ಟೆಯ ಹಗ್ಗವಿತ್ತು. ಮಗಳು ಡಬ್ಬಿ ಹಿಡಿದು ಕಾದಳು. ನಾನೂ ಒಳಗಿನಿಂದ, ಉಸಿರು ಹಿಡಿದು, ಕಾದೆ.

“ಹಾಂ” ಎಂದಳು ಹೆಂಡತಿ. “ಈಗ ಬಾ.”